ಮಂಡಿಗೆ ತಿನ್ನುವವರ ಹೆಂಡತಿ

ನನ್ನ ತವರು ಸೊರಬದಿಂದಾಚೆ. ಆಗದ ಹೋಗದ ಯೋಚನೆ ಮಾಡುವವರಿಗೆ ಅಲ್ಲಿ ‘ಆಕಾಶಕ್ಕೆ ಏಣಿ ಹಾಕ್ತಾನೆ’ ಎನ್ನುತ್ತಿದ್ದರು. ಗಂಡನ ಊರು ಶಿರಾಳಕೊಪ್ಪದ ಹತ್ತಿರ. ಅಲ್ಲಿ ಅಂಥವರಿಗೆ ‘ಮನಸ್ಸಿನಲ್ಲೇ ಮಂಡಿಗೆ ತಿಂತಾನೆ’ ಎನ್ನುವುದು ರೂಢಿ. ಮದುವೆಯಾಗಿ ಬಂದ ಹೊಸತರಲ್ಲಿ ನಾನು ಮಂಡಿಗೆಯನ್ನು ಕಣ್ಣಿನಿಂದ ಕೂಡ ಕಂಡಿರಲಿಲ್ಲ. ಹೇಗಿರುತ್ತದೆ ಎಂದು ನನ್ನ ವಾರಗಿತ್ತಿಯನ್ನು, ಅಂದರೆ ಭಾವನ ಹೆಂಡತಿಯನ್ನು ಕೇಳಿದೆ.

“ನಾನೂ ತಿಂದಿಲ್ಲವ್ವ. ನಿನ್ನ ಗಂಡನ್ನೇ ಕೇಳು, ದಿನಾ ತಿಂತಾನೆ” ಎಂದಳು.

ಅದು ಸುಳ್ಳಲ್ಲ. ನಮ್ಮವರು ಅಂಥವರೇ. ಒಂದು ಸಲ ಬಿದಿರಿನ ಕೊಳವೆಯಲ್ಲಿ ಬಾವಿಯ ನೀರನ್ನು ಅಡಿಗೆಮನೆಗೆ ತರುತ್ತೇನೆಂದು ಹೊರಟರು. ನೀರು ಅಡಿಗೆಮನೆಗೆ ಬರಲಿಲ್ಲ, ಹಿತ್ತಲೆಲ್ಲ ಕೆಸರಾಯಿತು. ಬಳಿದದ್ದು ನಾನು.

ಆದರೆ ಈ ಮಾತುಗಳನ್ನು ಜನ ಮುಖ ನೋಡಿ ಆಡುತ್ತಿದ್ದರು. ಊರಿನ ಅನುಕೂಲಸ್ಥರೊಬ್ಬರು ಕಲ್ಲುಗುಡ್ಡದಲ್ಲಿ ಮಾವಿನ ತೋಪು ಹಾಕುತ್ತೇನೆಂದಾಗ ‘ದೊಡ್ಡ ಯೋಚನೆ’ ಎಂದರು. ಅದನ್ನೇ ನಮ್ಮವರು ಹೇಳಿದ್ದರೆ ಮಂಡಿಗೆ. ಹೆಂಗಸು ಹೇಳಿದರೆ ‘ಇವಳಿಗೆ ತಲೆ ತಿರುಗೈತಿ’, ಅಷ್ಟೆ. ಹೆಂಗಸರಿಗೆ ಮಂಡಿಗೆಯನ್ನೂ ಕೊಡುತ್ತಿರಲಿಲ್ಲ.

ಐವತ್ತರ ದಶಕ ಮುಗಿಯುತ್ತ ಬಂದಾಗ ಅಣ್ಣ ತಮ್ಮಂದಿರ ಒಲೆ ಬೇರೆಯಾಯಿತು. ಜಗಳವೇನಿಲ್ಲ. ಮನೆ ತುಂಬ ಜನ, ಹಿಸ್ಸೆಯಾಯಿತು. ನಮ್ಮ ಪಾಲಿಗೆ ಬಂದದ್ದು ಕೆರೆಯ ಕೆಳಗಿನ ಒಂದು ಗದ್ದೆ. ನನಗೆ ಅಷ್ಟು ಸಾಕಿತ್ತು. ಕೂಡಿದ ಮನೆಯಲ್ಲಿ ಸಾರಿಗೆ ಎಷ್ಟು ಉಪ್ಪು ಎಂಬುದನ್ನೂ ನಾನು ಹೇಳುವ ಹಾಗಿರಲಿಲ್ಲ.

ಆ ವರ್ಷವೇ ಗ್ರಾಮಸೇವಕರು ಊರಿಗೆ ಬಂದು, ಕಟ್ಟೆಯ ಮೇಲೆ ಕೂತು, ಜಪಾನ್ ಪದ್ಧತಿಯ ಬೇಸಾಯ ಹೇಳಿದರು. ಮಡಿಯಲ್ಲಿ ಸಸಿ ಬೆಳೆಸಿ, ಕಿತ್ತು, ಗದ್ದೆಯಲ್ಲಿ ಹಗ್ಗ ಹಿಡಿದು ಸಾಲಾಗಿ ನೆಡಬೇಕು. ನಮ್ಮ ತವರಿನ ಕಡೆ ಸಸಿ ನೆಡುವುದಿತ್ತು, ಹಗ್ಗ ಇರಲಿಲ್ಲ. ಗಂಡನ ಊರಿನಲ್ಲಿ ಎರಡೂ ಇರಲಿಲ್ಲ. ಅಲ್ಲಿ ಒಣನೆಲದಲ್ಲೇ ಎತ್ತು ಹೂಡಿ ಕೂರಿಗೆಯಿಂದ ಭತ್ತ ಬಿತ್ತುವರು. ಪೈರು ಗೇಣುದ್ದ ಬಂದ ಮೇಲೆ ಸಾಲಿನ ನಡುವೆ ಎಡೆಕುಂಟೆ ಹೊಡೆದು ಕಳೆ ತೆಗೆಯುವರು.

ನಮ್ಮವರು ಆ ಮಾತು ಕೇಳಿಸಿಕೊಂಡು ಬಂದವರೇ ಹಗ್ಗ ಹೊಸೆಯಲು ಕೂತರು. ಭಾವ ನೋಡಿದರು.

“ಭತ್ತ ಏನು ಶಾಲೆ ಹುಡುಗರೇನೋ, ಸಾಲು ಹಿಡಿದು ನಿಲ್ಲಾಕೆ? ಪುಸ್ತಕದ ಬದನೆಕಾಯಿ ಇದು. ಪಲ್ಯ ಆಗಲ್ಲ.”

“ಒಂದು ವರ್ಷ ನೋಡ್ತೀನಣ್ಣ.”

“ನೋಡು. ಇರೋದೊಂದು ಗದ್ದಿ. ಅದೂ ಹೋದರೆ ಒಲೆ ಆರಿಸಿ ನಮ್ಮನೀಗೆ ಬರಬೇಕು. ತಮ್ಮ ಉಪವಾಸ ಬಿದ್ದಾನ ಅಂತ ಊರು ನನ್ನ ಆಡಿಕೊಳ್ಳಬಾರದು.”

ಹಿಸ್ಸೆ ಮಾಡಿದ ಹಿರಿಯರೂ ಆಗ ಜಗಲಿಯಲ್ಲಿ ಕೂತಿದ್ದರು, ಅವರ ಎದುರಿಗೇ ಈ ಮಾತು ಆಯಿತು. ನಮ್ಮವರು ತಲೆಯಾಡಿಸಿಬಿಟ್ಟರು. ನನ್ನನ್ನು ಯಾರೂ ಕೇಳಲಿಲ್ಲ.

ಮಳೆ ಹಿಡಿದ ಮೇಲೆ ನಾವಿಬ್ಬರೇ ನೆಟ್ಟೆವು. ಹಗ್ಗದ ಒಂದು ತುದಿ ಅವರು, ಒಂದು ತುದಿ ನಾನು. ದಾರಿಯಲ್ಲಿ ಹೋಗುವವರು ನಿಂತು ನಕ್ಕು ಹೋಗುತ್ತಿದ್ದರು. ನಗಲಿ ಬಿಡು, ನನ್ನ ಸೊಂಟ ನೋವಿನ ಮುಂದೆ ಅದು ಯಾವ ಲೆಕ್ಕ. ಗದ್ದೆ ಮುಗಿಯುವ ಹೊತ್ತಿಗೆ ತವರಿನಲ್ಲಿ ಅಜ್ಜಿ ತೀರಿಕೊಂಡ ಸುದ್ದಿ ಬಂತು. ಗದ್ದೆ ಕಡೆ ಕಣ್ಣಿಟ್ಟಿರಿ ಎಂದು ಭಾವನಿಗೆ ಹೇಳಿ ಸೊರಬದ ಬಸ್ಸು ಹತ್ತಿದೆವು.

ಕಾರ್ಯ ಮುಗಿಸಿ ಬರುವಾಗ ದಾರಿಯಲ್ಲೇ ಗದ್ದೆ. ಬದು ಕಡಿದಿತ್ತು, ನೀರೆಲ್ಲ ಬಸಿದುಹೋಗಿತ್ತು. ಸಾಲಿನ ನಡುವೆ ಎತ್ತಿನ ಹೆಜ್ಜೆ, ಕುಂಟೆಯ ಗೀರು. ಸಸಿಗಳು ಬೇರು ಮೇಲಾಗಿ ಬಿದ್ದಿದ್ದವು. ನಮ್ಮವರು ಅಲ್ಲೇ ಬದುವಿನ ಮೇಲೆ ಕೂತುಬಿಟ್ಟರು.

“ಅಣ್ಣ ಬೇಕಂತಲೇ ಮಾಡ್ಯಾನೆ” ಎಂದರು.

ನನಗೂ ಹಾಗೇ ಅನ್ನಿಸಿತು. ಗಂಟು ಇಳಿಸದೆ ಭಾವನ ಮನೆಗೆ ನಡೆದೆ. ಅವರು ಊಟಕ್ಕೆ ಕೂತಿದ್ದರು. ಮೊಣಕಾಲಿನವರೆಗೂ ನಮ್ಮ ಗದ್ದೆಯ ಕೆಸರು ಹಾಗೇ ಇತ್ತು. ನನ್ನನ್ನು ಕಂಡು ಮುಖ ಅರಳಿಸಿ, “ಬಂದಿರಾ? ನಿಮ್ಮ ಗದ್ದಿ ಎಡೆ ಹೊಡೆದು ಈಗ ಬಂದೆ” ಎಂದರು. ಅದುವರೆಗೆ ನಾನು ಭಾವನ ಎದುರು ನಿಂತು ಮಾತಾಡಿದವಳಲ್ಲ.

“ಎಂತಕ್ಕೆ ಹೊಡೆದಿರಿ?”

“ಎಂತಕ್ಕೆ ಅಂದರೆ? ಕಳೆ ಬಂದಿತ್ತು. ಬದು ಕಡಿದು ನೀರು ಹೊರಗೆ ಬಿಟ್ಟೆ. ಸಾಲು ನೆಟ್ಟಗಿದ್ವು, ಕುಂಟಿ ಸಲೀಸಾಗಿ ಹೋತು. ಹೊಡೀಬಾರದಿತ್ತಾ?”

“ಬಿತ್ತಿದ ಪೈರಲ್ಲ ಭಾವ, ನೆಟ್ಟ ಸಸಿ. ಅದಿನ್ನೂ ಮಣ್ಣು ಹಿಡಿದಿಲ್ಲ. ಅರ್ಧ ಗದ್ದೆ ಮೇಲೆ ಬಿದ್ದಿದೆ.”

ಅವರ ಕೈಯಲ್ಲಿದ್ದ ರೊಟ್ಟಿ ತಟ್ಟೆಗೆ ಬಿತ್ತು. ಬೇಕಂತ ಮಾಡಿದವರ ಮುಖ ಹಾಗಾಗುವುದಿಲ್ಲ. ಕೂರಿಗೆ ಊರಿನವರು, ಸಾಲು ಕಂಡರೆ ಕುಂಟೆ ತರುತ್ತಾರೆ. ತಮ್ಮ ಇಲ್ಲದಾಗ ಅವನ ಕೆಲಸ ಮಾಡಿಕೊಟ್ಟೆ ಎಂದುಕೊಂಡಿದ್ದರು. ಕೈ ತೊಳೆದು, ಗುದ್ದಲಿ ತೆಗೆದುಕೊಂಡು ಹೊರಟರು.

ಗದ್ದೆಯಲ್ಲಿ ನಮ್ಮವರು ಕೂತಲ್ಲೇ ಇದ್ದರು. “ಸಾಕು. ಒಲೆ ಆರಿಸೋಣ. ಎಲ್ಲಾರೂ ಹೇಳಿದ್ದೇ ಖರೆ, ನಾನು ಮಂಡಿಗೆ ತಿನ್ನೋನು” ಎಂದರು.

ನನಗೆ ಸಿಟ್ಟು ನೆತ್ತಿಗೇರಿತು. “ಏಣಿ ಹಾಕಿದ್ದು ನೀವು, ಅರ್ಧಕ್ಕೆ ಹತ್ತಿದ ಮೇಲೆ ಇಳಿ ಅಂದ್ರೆ ನಾನು ಇಳಿಯಾಕಿಲ್ಲ. ಏಳ್ರೀ. ಬೇರು ಇನ್ನೂ ಒಣಗಿಲ್ಲ” ಎಂದೆ.

ಭಾವ ಬದು ಕಟ್ಟಿ ನೀರು ತಿರುಗಿಸಿದರು. ಬಿದ್ದ ಸಸಿ ಆರಿಸಿ ತಿರುಗಿ ನೆಟ್ಟೆವು. ಸಸಿ ಕಡಿಮೆ ಬಿದ್ದ ಕಡೆಗೆ ಮಡಿಯಲ್ಲಿ ಉಳಿದಿದ್ದವನ್ನು ಕಿತ್ತು ತಂದೆವು. ವಾರಗಿತ್ತಿಯೂ ಸೀರೆ ಎತ್ತಿ ಕಟ್ಟಿ ಇಳಿದಳು. ಹುಟ್ಟಿದಾಗಿನಿಂದ ಒಂದು ಸಸಿ ನೆಟ್ಟವಳಲ್ಲ. ಹಿಡಿಹಿಡಿಯಾಗಿ ತುರುಕುತ್ತಿದ್ದಳು.

“ಒಂದೋ ಎರಡೋ ಸಾಕು ಅಕ್ಕ.”

“ಒಂದೊಂದೇ ಹಾಕಿದರೆ ಜಿಪುಣರ ಮನಿ ಗದ್ದಿ ಅಂತಾರೆ ಕಣೆ.”

“ಅನ್ನಲಿ. ಕಿತ್ತು ಹಾಕು.”

“ಗಂಡ ಹೆಂಡ್ತಿ ಇಬ್ಬರಿಗೂ ತಲಿ ತಿರುಗೈತಿ” ಎಂದು ಬೈದುಕೊಂಡೇ ಕತ್ತಲಾಗುವವರೆಗೂ ನೆಟ್ಟಳು. ಮರುದಿನವೂ ಬಂದಳು.

ಎಲ್ಲವೂ ಬದುಕಿತು ಎಂದು ಹೇಳಿದರೆ ಸುಳ್ಳಾಗುತ್ತದೆ. ಎತ್ತು ತಿರುಗಿಸಿದ ಮೂಲೆ ಕೊನೆಯವರೆಗೂ ಬೋಳಾಗಿಯೇ ಇತ್ತು. ಉಳಿದದ್ದು ಕವಲೊಡೆದು ತುಂಬಿಕೊಂಡಿತು. ಮೊದಲು ನಿಂತು ನಗುತ್ತಿದ್ದವರು ಈಗಲೂ ನಿಲ್ಲುತ್ತಿದ್ದರು, ನಗುತ್ತಿರಲಿಲ್ಲ. ‘ಮುಂದಾಲೋಚನೆ ಇರೋ ಮನುಷ್ಯ’ ಎಂದು ಯಾರೋ ನಮ್ಮವರಿಗೆ ಹೇಳಿದರಂತೆ. ಕೊಯ್ಲಿಗೆ ಮೊದಲು ಅವರಿದ್ದದ್ದೂ ಹಾಗೇ, ಆಮೇಲಿದ್ದದ್ದೂ ಹಾಗೇ. ಬದಲಾದದ್ದು ಊರಿನ ಬಾಯಿ.

ಕಣದಲ್ಲಿ ರಾಶಿ ಮಾಡಿದ ದಿನ ಹಿಸ್ಸೆ ಮಾಡಿದ ಅದೇ ಹಿರಿಯರು ಬಂದಿದ್ದರು. ಭಾವ ಒಂದು ಹಿಡಿ ಭತ್ತ ತೆಗೆದು ಅಂಗೈಯಲ್ಲಿ ಉಜ್ಜಿ, ಹೊಟ್ಟು ಊದಿ, ನಾಲ್ಕು ಕಾಳು ಬಾಯಿಗೆ ಹಾಕಿಕೊಂಡರು. “ಇವರ ಒಲಿ ಬೇರೇನೇ ಇರಲಿ” ಎಂದರು. ನನಗೆ ಬೇಕಾದದ್ದು ಅಷ್ಟೇ. ಸ್ವಲ್ಪ ಹೊತ್ತು ಬಿಟ್ಟು ತಮ್ಮನ ಪಕ್ಕ ಕೂತು, ಯಾರಿಗೂ ಕೇಳಬಾರದೆಂಬ ಹಾಗೆ ಕೇಳಿದರು:

“ಮತ್ತೇನಾದರೂ ತಲ್ಯಾಗೈತೇನೋ?”

ಇತ್ತು. ನಮ್ಮವರ ತಲೆಯಲ್ಲಿ ಯಾವತ್ತು ಇರಲಿಲ್ಲ? ಕೈಯಾಡಿಸಿ ಹೇಳತೊಡಗಿದರು, ಭಾವ ಹೂಂಗುಟ್ಟುತ್ತ ಕೇಳುತ್ತಿದ್ದರು. ನಾನು ಕೇಳುತ್ತ ನಿಲ್ಲಲಿಲ್ಲ. ಎಲ್ಲರೂ ನಮ್ಮಲ್ಲೇ ಊಟಕ್ಕೆ ಬರುವವರಿದ್ದರು. ಹೊಸ ಭತ್ತ ಮೊರಕ್ಕೆ ತುಂಬಿಕೊಂಡು ಕುಟ್ಟಲು ಮನೆಗೆ ಹೋದೆ.