ಮಸಿ ಬಿದ್ದ ಹೆಬ್ಬೆರಳು

ಹೆರ್ಮೀನಿಯಾ ಅತ್ತೆಯ ಹೆಬ್ಬೆರಳಿಗೆ ಮತಗಟ್ಟೆಯಲ್ಲಿ ಹಚ್ಚಿದ ಮಸಿ ವಾರ ಕಳೆದರೂ ಹೋಗಿರಲಿಲ್ಲ.

ದೇಶದ ಅಧ್ಯಕ್ಷ ಸ್ಥಾನಕ್ಕೆ ನಿಂತ ಮೂವರಲ್ಲಿ ಇಬ್ಬರು ಹೆಂಗಸರು. ಮೆಕ್ಸಿಕೋವನ್ನು ಮೊದಲ ಸಲ ಹೆಣ್ಣೊಬ್ಬಳು ಆಳುತ್ತಾಳೆಂದು ಓಹಾಕಾ ರಾಜ್ಯದ ನಮ್ಮ ಗುಡ್ಡದೂರಿನ ಗಂಡಸರೂ ಬೀಗಿದರು. ಮತ ಹಾಕಲು ಶಾಲೆಯ ಮುಂದಿನ ಸಾಲಿನಲ್ಲಿ ನಿಂತು ಅತ್ತೆ ಅಂದದ್ದು ಇಷ್ಟೇ: "ಒಬ್ಬಳು ಪಿಂಚಣಿ ಅಂತಾಳೆ, ಇನ್ನೊಬ್ಬಳು ಪೊಲೀಸು ಅಂತಾಳೆ. ನಮ್ಮ ಕೇರಿ ನಲ್ಲಿ ಯಾರ ಬಾಯಲ್ಲೂ ಬರಲ್ಲ."

ನಲ್ಲಿಯನ್ನು ತೀರ್ಮಾನಿಸುವುದು ಊರ ಸಭೆ. ಸರದಿಯಂತೆ ಸಂಬಳವಿಲ್ಲದೆ ಊರಿಗೆ ಸೇವೆ ಮಾಡಿದವರಷ್ಟೇ ಅಲ್ಲಿ ಕೈ ಎತ್ತಬೇಕು, ಸೇವೆ ಗಂಡಸರದು. ನಾವು ಹೆಂಗಸರು ಸಭಾಮನೆಯ ಹಿತ್ತಲಲ್ಲಿ ಸಭೆಗೆ ಮೆಕ್ಕೆಜೋಳದ ಕಡುಬು ಬೇಯಿಸುತ್ತೇವೆ. ಹೆಂಗಸರಿಗೂ ಹಕ್ಕಿದೆ ಎನ್ನುವ ಕಾನೂನು ಇನ್ನೂ ಗುಡ್ಡ ಹತ್ತಿಲ್ಲ.

ಅತ್ತೆಯ ಗಂಡ ದುಡಿಯಲು ಗಡಿಯಾಚೆ ಹೋಗಿದ್ದಾಗ ಅವನ ಸರದಿಯ ಕಾವಲು ಬಂದಿತ್ತು. ಕೂಸನ್ನು ಬೆನ್ನಿಗೆ ಕಟ್ಟಿಕೊಂಡು, ದೊಣ್ಣೆ ಹಿಡಿದು, ವರ್ಷವಿಡೀ ಊರು ಕಾದವಳು ಅತ್ತೆ. ಊರು ಅದನ್ನು ಅವನ ಸೇವೆಯೆಂದೇ ಎಣಿಸಿತು. ಅವನು ಸತ್ತ ಮೇಲೆ ಆ ಸೇವೆಯೂ ಮಣ್ಣಾಯಿತು.

ಮತದಾನವಾದ ಮರುವಾರದ ಭಾನುವಾರ ಸಭೆ ಸೇರಿತು. ಹೊಸ ಪೈಪು ಮೇಲಿನ ಕೇರಿಗೋ ಕೆಳಗಿನ ಕೇರಿಗೋ? ಮೇಲಿನ ಕೇರಿ ನಮ್ಮದು. ಹಳ್ಳಕ್ಕಿಳಿದು ನೀರು ಹೊರುವವರು ನಾವು. ಎತ್ತಿದ ಕೈಗಳನ್ನು ಎಣಿಸಿದರೆ ಎರಡೂ ಕಡೆ ಸಮ.

ಅತ್ತೆ ಹಿಟ್ಟಿನ ಕೈಯನ್ನು ಲಂಗಕ್ಕೆ ಒರೆಸಿಕೊಂಡು ಬಾಗಿಲಿಗೆ ಬಂದಳು. ಕೈ ಎತ್ತಿದಳು. ಮಸಿ ಎಲ್ಲರಿಗೂ ಕಂಡಿತು.

ಊರ ಅಧ್ಯಕ್ಷ ನಾಬೋರ್ ನಕ್ಕ. "ಅತ್ತೇ, ದೇಶಕ್ಕೇ ನಿಮ್ಮೋಳು ಬಂದಾಯ್ತಲ್ಲ, ಇನ್ನೂ ಆಸೆ ತೀರಲಿಲ್ವಾ? ಕೈ ಇಳಿಸಿ, ಕಡುಬು ಸೀದುಹೋಗ್ತದೆ."

"ದೇಶ ಆಳೋಳನ್ನ ಆರಿಸೋಕೆ ಈ ಕೈ ಆಗ್ತದೆ, ಒಂದು ಕೊಡ ನೀರಿಗೆ ಆಗಲ್ವೇನೋ?"

"ಅದು ಸರ್ಕಾರದ್ದು. ಇದು ನಮ್ಮ ಪದ್ಧತಿ. ಸೇವೆ ಮಾಡಿದೋರಿಗೆ ಮಾತ್ರ."

"ಈ ಊರು ಕಾದೋಳು ನಾನು. ಕುಡಿದು ಚರಂಡಿಗೆ ಬಿದ್ದಿದ್ದ ನಿಮ್ಮಪ್ಪನ್ನ ಮನೆಗೆ ಎಳ್ಕೊಂಡು ಬಂದಿದ್ದು ಯಾರು? ಕೇಳು ಅವನ್ನೇ!"

ಮುಂದಿನ ಬೆಂಚಿನಲ್ಲಿದ್ದ ಮುದುಕ ಟೋಪಿಯನ್ನು ಕಣ್ಣಿನ ಮೇಲೆ ಎಳೆದುಕೊಂಡ. ಯಾರೋ ಕಿಸಕ್ಕೆಂದರು.

ನಾಬೋರ್ ಅದುವರೆಗೆ ಎತ್ತದಿದ್ದ ತನ್ನ ಕೈ ಎತ್ತಿ "ಕೆಳಗಿನ ಕೇರಿ" ಎಂದ. ಅವನ ಮನೆ ಅಲ್ಲೇ.

ಅತ್ತೆ ಹಿತ್ತಲಿಗೆ ಬಂದಳು. ಬೆಳಿಗ್ಗೆ ಹಳ್ಳದಿಂದ ಹೊತ್ತು ತಂದಿದ್ದ ಕೊಡವನ್ನೆತ್ತಿ ಉರಿಯುವ ಒಲೆಗೆ ಸುರಿದಳು. ಹೊಗೆ ಒಳಗೆ ನುಗ್ಗಿ ಗಂಡಸರು ಕೆಮ್ಮಿದರು.

"ಅತ್ತೇ, ಊಟ?" ನಾಬೋರ್ ಕೂಗಿದ.

"ನಿಮ್ಮ ಕೇರಿಗೆ ನಲ್ಲಿ ಬರ್ತದಲ್ಲ, ಬಂದಾಗ ಬೇಯಿಸ್ಕೊಳ್ಳಿ."

ಅರೆಬೆಂದ ಕಡುಬಿನ ಹಂಡೆಯ ಒಂದು ಕಿವಿಯನ್ನು ಅವಳು ಹಿಡಿದಳು, ಇನ್ನೊಂದನ್ನು ನಾನು. ಉಳಿದ ಹೆಂಗಸರು ಸೌಟು, ತಟ್ಟೆಗಳನ್ನೆಲ್ಲ ಬಾಚಿಕೊಂಡು ಹಿಂದೆ ಬಂದರು. ಮೇಲಿನ ಕೇರಿಯಲ್ಲಿ ಅತ್ತೆಯ ಒಲೆ ಹೊತ್ತಿಸಿ ಹಂಡೆಯನ್ನು ಮತ್ತೆ ಏರಿಸಿದೆವು.