ಡಿಸ್ಕ್ ಖಾಲಿ ಇಲ್ಲವಂತೆ

ಗೆಳೆಯರೇ, ಚಳ್ಳಕೆರೆಯ ನಮ್ಮ ಮನೆಯಲ್ಲಿ ಹಾಡುಗಳನ್ನು ಸಿ.ಡಿ. ಡಿಸ್ಕಿಗೆ ಬರೆಯುವ ಕೆಲಸ ಇಂದು ಮೂರು ಸಲ ವಿಫಲವಾಯಿತು. 'ಖಾಲಿ ಡಿಸ್ಕ್ ಹಾಕಿ' ಎಂದು ತಿಳಿಸಿದ್ದು ಕಂಪ್ಯೂಟರಿನ ಜೊತೆಗೇ ಬಂದಿದ್ದ ಸಾಫ್ಟ್‌ವೇರ್. ನಾನು ಹಾಕಿದ್ದು ಖಾಲಿ ಡಿಸ್ಕೇ. ರಾಂಪುರದ ದೊಡ್ಡಮ್ಮನ ಮನೆಯಲ್ಲಿರುವುದು ಹಳೆಯ ಸಿ.ಡಿ. ಪ್ಲೇಯರ್ ಮಾತ್ರ. ತೀರಿಹೋದ ಅಜ್ಜಿಯ ದನಿಯಲ್ಲಿ ಮುದ್ರಿಸಿಟ್ಟಿದ್ದ ಸೋಬಾನೆ ಪದಗಳನ್ನು ನಾಳೆ ಕೇಳಿಸುತ್ತೇನೆಂದು ಅವ್ವ ಅವರಿಗೆ ಮಾತು ಕೊಟ್ಟಿದ್ದಾಳೆ. ಸಾಫ್ಟ್‌ವೇರ್ ತೆಗೆದು ಮತ್ತೆ ಹಾಕಿದೆ. ಕೊನೆಗೆ ಡಿಸ್ಕನ್ನೇ ತಿರುಗಿಸಿ ನೋಡಿದರೆ ಹೊಳೆಯುವ ಬದಿಯಲ್ಲಿ ಅರಿಶಿನ, ಕುಂಕುಮ.

"ಏನವ್ವ ಇದು?"

"ಹೊಸಾದು ತಂದಿದ್ಯಲ್ಲ, ಪೂಜೆ ಮಾಡ್ದೆ."

"ಈ ಕಡೆ ಯಾಕೆ ಹಚ್ಚಿದೆ?"

"ಆ ಕಡೆ ಬರೀ ಕಂಪ್ನಿ ಹೆಸ್ರೈತೆ. ಮಖ ಇದೇ ಅಲ್ವೇನಪ್ಪ?"

ಇನ್ನೊಂದು ಡಿಸ್ಕನ್ನು ಅವ್ವನಿಗೆ ತೋರಿಸದೆ ತಂದು ಬರೆದೆ. ನಾಳೆ ಬೆಳಗಿನ ಬಸ್ಸಿಗೆ ಅವಳು ಅದನ್ನು ರಾಂಪುರಕ್ಕೆ ಒಯ್ಯುತ್ತಾಳೆ. ಪ್ಲೇಯರಿಗೆ ಹಾಕುವ ಮೊದಲು ದೊಡ್ಡಮ್ಮನೂ ಅದಕ್ಕೆ ಖಂಡಿತ ಪೂಜೆ ಮಾಡುತ್ತಾರೆ.