ಅಪ್ಪನ ಅಂಗಿಯ ಬೂದು ಧೂಳು

ನಾನು ಚಿಕ್ಕವಳಿದ್ದಾಗ, ಮಕ್ಕಳೇ, ನಿಮ್ಮ ಹಾಗೆಯೇ ಏಳೆಂಟು ವರ್ಷದವಳು, ಅಂಕಲಿಯ ನಮ್ಮ ಹಿತ್ತಲಿನಲ್ಲಿ ಒಂದು ಭಟ್ಟಿ ಇತ್ತು. ಅಪ್ಪ ಲಾರಿ, ಟ್ರ್ಯಾಕ್ಟರುಗಳ ಕೆಟ್ಟ ಬ್ಯಾಟರಿಗಳನ್ನು ತಂದು ಒಡೆದು, ಒಳಗಿನ ಸೀಸವನ್ನು ಕರಗಿಸಿ ಮಾರುತ್ತಿದ್ದರು. ಕರಗಿದ ಸೀಸ ಬೆಳ್ಳಿಯಂತೆ ಹೊಳೆಯುತ್ತಿತ್ತು. ನೋಡುತ್ತ ನಿಂತರೆ ಕಣ್ಣು ಉರಿಯುತ್ತಿತ್ತು, ಗಂಟಲು ಕೆರೆಯುತ್ತಿತ್ತು.

ಅವ್ವ ತೀರಿಹೋಗಿದ್ದಳು. ಹನ್ನೆರಡು ವರ್ಷದ ಅಕ್ಕನೇ ಮನೆ ನೋಡಿಕೊಳ್ಳುತ್ತಿದ್ದಳು. ಸುಟ್ಟುಕೊಂಡಾಳೆಂದು ಅಪ್ಪ ಅವಳನ್ನು ಭಟ್ಟಿಯ ಸಮೀಪ ಬಿಡುತ್ತಲೇ ಇರಲಿಲ್ಲ. ಆದರೆ ದಿನಾ ಸಂಜೆ ಅವರ ಅಂಗಿಯನ್ನು ಗೋಡೆಗೆ ಬಡಿದು ಧೂಳು ಕೊಡವಿ ನೆನೆಹಾಕುವವಳು ಅವಳೇ. ಬೂದು ಧೂಳು ಅವಳ ಮುಖದ ಮೇಲೆಲ್ಲ ಹಾರುತ್ತಿತ್ತು. ಮೂಗು ಒರೆಸಿಕೊಂಡು ರೊಟ್ಟಿ ತಟ್ಟಲು ಕೂರುತ್ತಿದ್ದಳು.

ಒಂದು ದಿನ ರೊಟ್ಟಿ ತಟ್ಟುತ್ತಲೇ ಹೊಟ್ಟೆ ಹಿಡಿದುಕೊಂಡು ಉರುಳಿಬಿದ್ದಳು. ಕೈಕಾಲು ಸೆಟೆದವು, ಬಾಯಲ್ಲಿ ನೊರೆ ಬಂತು. ಅಪ್ಪ ಅವಳನ್ನು ಎತ್ತಿಕೊಂಡು ಓಡಿದರು. ಸಿಕ್ಕ ಟೆಂಪೊದಲ್ಲಿ ಮೂವರೂ ಮಿರಜಿನ ಆಸ್ಪತ್ರೆಗೆ ಹೋದೆವು.

ಡಾಕ್ಟರು ಅಕ್ಕನ ತುಟಿ ಎತ್ತಿ ನೋಡಿದರು. ಒಸಡಿನ ಅಂಚಿನಲ್ಲಿ ನೀಲಿಗಪ್ಪು ಗೆರೆ.

"ಮನ್ಯಾಗ ಸೀಸ ಕರಗಸ್ತೀರೇನ್ರಿ?"

"ಹೌದ್ರಿ. ಆದ್ರ ಈಕಿ ಭಟ್ಟಿ ಹತ್ರ ಸುಳಿಯಾಂಗಿಲ್ರಿ," ಎಂದರು ಅಪ್ಪ.

"ಮತ್ತ ನಿಮ್ಮ ಅಂಗಿ ಯಾರು ಒಗಿತಾರ?"

ನಾನೇ ಹೇಳಿದೆ, "ಅಕ್ಕ ಒಗಿತಾಳ್ರಿ. ಮದಲ ಝಾಡಸ್ತಾಳ್ರಿ."

"ಆ ಧೂಳನ್ಯಾಗ ವಿಷ ಐತ್ರಿ," ಎಂದರು ಡಾಕ್ಟರು. ಅಪ್ಪ ತಮ್ಮ ಮೈಮೇಲಿನ ಅಂಗಿಯನ್ನೇ ನೋಡಿಕೊಂಡರು. ಅದೇ ಅಂಗಿಯಲ್ಲಿ ಅಕ್ಕನನ್ನು ಅಷ್ಟು ದೂರ ಎದೆಗವಚಿಕೊಂಡು ತಂದಿದ್ದರು. ಬೆಂಕಿ ತಗುಲಿದವರ ಹಾಗೆ ಅದನ್ನು ಕಿತ್ತೆಸೆದು ಬರಿಮೈಯಲ್ಲಿ ಗೋಡೆಗೊರಗಿ ಕೂತುಬಿಟ್ಟರು.

ಅಕ್ಕ ಬದುಕಿದಳು. ಆದರೆ ಇಪ್ಪತ್ತರ ಮಗ್ಗಿಯನ್ನು ಹಿಂದುಮುಂದಾಗಿ ಒಪ್ಪಿಸುತ್ತಿದ್ದ ಹುಡುಗಿಗೆ ಆಮೇಲೆ ಐದರ ಮಗ್ಗಿಯೂ ತಲೆಯಲ್ಲಿ ನಿಲ್ಲಲಿಲ್ಲ. ಶಾಲೆ ಬಿಟ್ಟಳು. ಅಪ್ಪ ಭಟ್ಟಿ ಒಡೆದು ಕಬ್ಬು ಕಡಿಯಲು ಹೋದರು.

ಆಗ ಗಾಡಿಗಳ ಪೆಟ್ರೋಲಿನಲ್ಲೂ ಸೀಸವಿತ್ತು, ಬಾಗಿಲಿನ ಬಣ್ಣದಲ್ಲೂ ಇತ್ತು. ನಮಗೆ ಯಾರೂ ಹೇಳಲಿಲ್ಲ. ಈಗ ಪೆಟ್ರೋಲಿನಿಂದ ಅದನ್ನು ತೆಗೆದಿದ್ದಾರೆ. ಎಷ್ಟೋ ಬಣ್ಣದ ಡಬ್ಬಿಗಳ ಮೇಲೆ ಸೀಸವಿಲ್ಲವೆಂದು ಬರೆದಿರುತ್ತದೆ. ನಿಮ್ಮ ಕಾಲ ನಮ್ಮದಕ್ಕಿಂತ ಒಳ್ಳೆಯದೆಂದು ನಾನು ನಂಬಿಕೊಂಡಿದ್ದೆ.

ಮೊನ್ನೆ ಏಕಸಂಬಿಯಿಂದ ಬರುವಾಗ ನಾನು ಚೀರಿ ಆಟೊ ನಿಲ್ಲಿಸಿದೆನಲ್ಲ, "ಯಾಕ ಅಜ್ಜಿ?" ಎಂದು ನೀವು ಕೇಳಿದಿರಿ. ತಗಡಿನ ಶೆಡ್ಡಿನ ಮುಂದೆ ಒಬ್ಬ ಹಳೆಯ ಬ್ಯಾಟರಿ ಒಡೆಯುತ್ತಿದ್ದ. ಪಕ್ಕದಲ್ಲೇ ಇಬ್ಬರು ಮಕ್ಕಳು ಮಣ್ಣಿನಲ್ಲಿ ಆಡುತ್ತಿದ್ದರು. ಆ ಮಕ್ಕಳೂ ನಿಮ್ಮ ಕಾಲದವರೇ.